ಆ ಬಿಳಿ ಲೈಟು ಬಿಚ್ಚು, ಆಮೇಲೆ ಮಾತಾಡ್ವ

(1/7)

ಮೊದಲ ಫೋಟೋದಲ್ಲಿ ಇರೋದು ನಮ್ಮನೆ ಕಾರು. 2006ರ ಆಲ್ಟೋ, ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಬಂಪರ್ ಕೆಳಗೆ ಎರಡು ತೂತು ಕಾಣ್ತದಲ್ಲ, ಅದು ಎಲ್ಲೋ ಗುದ್ದಿ ಆದದ್ದಲ್ಲ. ನಾನೇ ದುಡ್ಡು ಕೊಟ್ಟು ಕೊರೆಸಿದ್ದು. ಅಲ್ಲಿ ಝೆನಾನ್ ಫಾಗ್‌ಲೈಟ್ ಇತ್ತು. ಈಗ ಇಲ್ಲ.

ಕಳೆದ ವಾರ ನಮ್ಮ ಕ್ಲಾಸಿನವನೊಬ್ಬ ರೀಲ್ ಹಾಕಿದ್ದ. ಹಳೇ ಮಾರುತಿ, ಎದುರಿಗೆ ನೀಲಿ ಹೊಡೆಯುವ ಬಿಳಿ ಲೈಟು, ಹಿಂದೆ ಬಿಜಿಎಂ, ಮೇಲೆ "ಮಲೆನಾಡ ಮಂಜಿಗೆ ರೆಡಿ" ಅಂತ ಬರಹ. ಕೆಳಗೆ ನೀವೆಲ್ಲ ಬೆಂಕಿ ಬೆಂಕಿ ಅಂತ ಕಮೆಂಟು. "ಎಲ್ಲಿ ಹಾಕಿಸಿದ್ದು, ರೇಟ್ ಎಷ್ಟು" ಅಂತ ಕೇಳಿದವರೇ ಹನ್ನೊಂದು ಜನ, ನಾನು ಎಣಿಸಿದೆ. ಅದಕ್ಕೆ ಈ ಏಳು ಕಂತು. ಆ ಲೈಟು ಹಾಕಿಸಬೇಡಿ, ಹಾಕಿಸಿದ್ದರೆ ಬಿಚ್ಚಿ ಅಂತ ಹೇಳಲಿಕ್ಕೆ ಬರೀತಾ ಇದ್ದೇನೆ. ಸಿಟ್ಟು ಬಂದವರು ಏಳೂ ಓದಿ, ಆಮೇಲೆ ಬೈಯಿರಿ. ಎರಡು ಓದಿ ಬೈದವರಿಗೆ ಉತ್ತರ ಕೊಡುವುದಿಲ್ಲ.

(2/7)

ನಾನು ಹಾಕಿಸಿದ್ದು ಹೋದ ವರ್ಷ ಜೂನ್‌ನಲ್ಲಿ. ದುಡ್ಡು ನನ್ನದೇ. ಚಳಿಗಾಲದಲ್ಲಿ ರಾತ್ರಿ ಅಡಿಕೆ ಸುಲಿದು ಕೂಡಿಟ್ಟದ್ದು. ಮೆಟ್ಟುಗತ್ತಿ ಎದುರು ಕೂತು ಸುಲಿದವರಿಗೆ ಗೊತ್ತು ಆ ದುಡ್ಡಿನ ತೂಕ. ಕಿಟ್ಟಿಗೆ 2,800, ಕೂರಿಸಲಿಕ್ಕೆ 400. ಒಟ್ಟು 3,200. ಅಂಗಡಿ ಯಾವುದು ಅಂತ ಕೇಳಬೇಡಿ, ಅವರೊಬ್ಬರದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಕೇಳಿದ್ದು ನಾನು, ಕೊಟ್ಟದ್ದು ಅವರು.

ಅಂಗಡಿಯವ ಮೂರು ಪೆಟ್ಟಿಗೆ ತೋರಿಸಿದ. 4300 ಕೆ, 6000 ಕೆ, 8000 ಕೆ. "ನಂಬರ್ ಜಾಸ್ತಿ ಆದಷ್ಟು ಪವರ್ ಜಾಸ್ತಿ" ಅಂದ. ನಾನು ತಲೆ ಆಡಿಸಿದೆ. ಬಿಕಾಂ ಓದುವವ, ನಂಬರ್ ದೊಡ್ಡದಿದ್ದರೆ ಒಳ್ಳೇದು ಅಂತ ನಂಬಿದೆ. ಅಸಲಿಗೆ ಆ ಕೆ ಅಂದ್ರೆ ಕೆಲ್ವಿನ್, ಬೆಳಕಿನ ಬಣ್ಣದ ಲೆಕ್ಕ. ಶಕ್ತಿಯದ್ದಲ್ಲ. 8000ಕ್ಕೆ ಹೋದರೆ ಬೆಳಕು ನೀಲಿ ಆಗ್ತದೆ, ರಸ್ತೆಗೆ ಸಿಗುವ ಬೆಳಕು ಉಲ್ಟಾ ಕಡಿಮೆಯೇ ಆಗ್ತದೆ. ನಾನು ನಡುವಿನ 6000 ತಗೊಂಡೆ, ಭಾರೀ ಬುದ್ಧಿವಂತನ ಹಾಗೆ.

ಅವತ್ತು ರಾತ್ರಿ ಮನೆ ಅಂಗಳದಲ್ಲಿ ಸ್ವಿಚ್ ಹಾಕಿದೆ. ಮೊದಲು ಮಂಕಾಗಿ ಹತ್ತಿತು, ನಾಲ್ಕೈದು ಸೆಕೆಂಡಿನಲ್ಲಿ ಏರಿ ಏರಿ ಹಗಲಾಯ್ತು. ದಣಪೆ ಕಂಡಿತು, ಅದರಾಚೆ ತೋಟ ಕಂಡಿತು, ಅಡಿಕೆ ಮರದ ತುದಿಯ ಹೆಡೆಯೂ ಕಂಡಿತು. ನಾನು ಕುಣಿದೆ. ತಂಗಿ ವಿಡಿಯೋ ಮಾಡಿದಳು. ಆಯಿ ಒಳಗಿಂದ "ಬಾವಿಕಟ್ಟೆ ಹತ್ರನೂ ಒಂದು ಹಾಕ್ಸು" ಅಂದಳು.

ಅಡಿಕೆ ಮರದ ತುದಿ ಕಂಡಿತಲ್ಲ, ಅಲ್ಲೇ ನನಗೆ ಗೊತ್ತಾಗಬೇಕಿತ್ತು. ಫಾಗ್‌ಲೈಟಿಗೆ ಅಡಿಕೆ ಕೊನೆ ಹತ್ರ ಏನು ಕೆಲಸ?

(3/7)

ಸ್ವಲ್ಪ ತಾಂತ್ರಿಕ ವಿಷಯ, ಬೋರ್ ಆದ್ರೂ ಓದಿ. ನಮ್ಮನ್ನು ಮೋಸ ಮಾಡೋದು ಇಲ್ಲೇ.

ಫಾಗ್‌ಲೈಟನ್ನು ಬಂಪರಿನ ಕೆಳಗೆ ಯಾಕೆ ಕೂರಿಸ್ತಾರೆ? ಮಂಜಿನಲ್ಲಿ ಬೆಳಕು ಎದುರಿಗೆ ಹೋದರೆ ನೀರಿನ ಹನಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರ್ತದೆ. ಅದಕ್ಕೆ ಬೆಳಕನ್ನು ತಗ್ಗಿನಿಂದ, ಅಗಲಕ್ಕೆ, ನೆಲಕ್ಕೆ ತಾಗುವ ಹಾಗೆ ಚೆಲ್ಲಬೇಕು. ಮೇಲ್ಗಡೆ ಚಾಕುವಿನಲ್ಲಿ ಕೊಯ್ದ ಹಾಗೆ ಬೆಳಕು ನಿಲ್ಲಬೇಕು. ಹತ್ತಿರದ ರಸ್ತೆ ಅಂಚು, ಚರಂಡಿ, ತಿರುವು ಕಂಡರೆ ಅದರ ಕೆಲಸ ಮುಗೀತು. ನೂರು ಮೀಟರ್ ಆಚೆ ತೋರಿಸೋದು ಅದರ ಕೆಲಸವೇ ಅಲ್ಲ.

ನಮ್ಮಜ್ಜನಿಗೆ ಇದು ಯಾವ ಪುಸ್ತಕ ಓದದೆ ಗೊತ್ತಿತ್ತು. ಮಳೆಗಾಲದ ರಾತ್ರಿ ಕಂಬಳಿಕೊಪ್ಪೆ ಹಾಕ್ಕೊಂಡು ತೋಟಕ್ಕೆ ಹೋಗುವಾಗ ಬ್ಯಾಟ್ರಿಯನ್ನು ಮೊಣಕಾಲ ಹತ್ರ ಹಿಡೀತಿದ್ದ. ಕಣ್ಣಿನ ಮಟ್ಟಕ್ಕೆ ಹಿಡಿದರೆ ಬರೀ ಬಿಳಿ ಗೋಡೆ.

ಈಗ ಬಲ್ಬಿಗೆ ಬನ್ನಿ. ಹ್ಯಾಲೊಜೆನ್ ಬಲ್ಬಿನೊಳಗೆ ಒಂದು ಸಣ್ಣ ತಂತಿ ಸುರುಳಿ. ಅದು ಎಲ್ಲಿ ಇರ್ತದೆ, ಎಷ್ಟು ಉದ್ದ ಅಂತ ಅಳೆದು ಆ ಲ್ಯಾಂಪಿನ ರಿಫ್ಲೆಕ್ಟರ್ ಮಾಡಿರ್ತಾರೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ದಾರಿ ತಪ್ಪತದೆ. ಝೆನಾನ್ ಬಲ್ಬಿನಲ್ಲಿ ತಂತಿಯೇ ಇಲ್ಲ. ಎರಡು ತುದಿ ನಡುವೆ ಮಿಂಚಿನ ಹಾಗೆ ಒಂದು ಕಿಡಿ, ಬಾಗಿದ ಕಿಡಿ. ಆಕಾರ ಬೇರೆ, ಜಾಗ ಬೇರೆ. ಅದನ್ನು ತಂತಿಗೆ ಅಂತ ಮಾಡಿದ ರಿಫ್ಲೆಕ್ಟರಿಗೆ ತುರುಕಿದರೆ ಬೆಳಕು ಎಲ್ಲಾ ಕಡೆ ಚೆಲ್ತದೆ, ತೂತಾದ ಪಾತ್ರೆಯಲ್ಲಿ ನೀರು ತಂದ ಹಾಗೆ. ಅದೂ ಎಷ್ಟು? 55 ವ್ಯಾಟಿನ ಫಾಗ್ ಹ್ಯಾಲೊಜೆನ್ ಸುಮಾರು 1,450 ಲ್ಯೂಮೆನ್ ಕೊಟ್ಟರೆ, 35 ವ್ಯಾಟಿನ ಝೆನಾನ್ 3,000ದ ಹತ್ರ. ಎರಡು ಪಟ್ಟು ಬೆಳಕು, ತಪ್ಪು ದಿಕ್ಕಿಗೆ.

"ಕಂಪನಿ ಕಾರಿನಲ್ಲೇ ಬರ್ತದಲ್ಲ ಝೆನಾನ್" ಅಂತ ಒಬ್ಬ ಕೇಳಿದ್ದ. ಬರ್ತದೆ, 1991ರಲ್ಲಿ ಬಿಎಂಡಬ್ಲ್ಯು 7 ಸೀರೀಸ್‌ನಲ್ಲಿ ಮೊದಲು ಬಂತು. ಆದರೆ ಅದಕ್ಕೆ ಅಂತಲೇ ಮಾಡಿದ ಲ್ಯಾಂಪು. ಯುರೋಪಿನ ನಿಯಮದಲ್ಲಿ ಹೆಡ್‌ಲೈಟಿನ ಬಲ್ಬು 2,000 ಲ್ಯೂಮೆನ್ ದಾಟಿದರೆ ಲೈಟು ತನ್ನಷ್ಟಕ್ಕೆ ಮೇಲೆ ಕೆಳಗೆ ಸರಿಹೊಂದಬೇಕು, ಗಾಜು ತೊಳೆಯುವ ವ್ಯವಸ್ಥೆಯೂ ಬೇಕು. ಯಾಕಂದ್ರೆ ಕೆಸರು ಕೂತ ಗಾಜಿನಿಂದಲೂ ಬೆಳಕು ಚದುರತದೆ. ನಮ್ಮ ಆಲ್ಟೋದ ಹಿಂದಿನ ಸೀಟಿನಲ್ಲಿ ಎರಡು ಚೀಲ ಅಡಿಕೆ ಹಾಕಿದರೆ ಮೂತಿ ಆಕಾಶ ನೋಡ್ತದೆ. ಇಪ್ಪತ್ತು ವರ್ಷದ ಸ್ಪ್ರಿಂಗು. ಗಾಜಿನ ಮೇಲೆ ಕೆಮ್ಮಣ್ಣು. ಇದಕ್ಕೂ ಬಿಎಂಡಬ್ಲ್ಯುಗೂ ಎಂತ ಹೋಲಿಕೆ ಮಾರಾಯ?

ಇನ್ನೊಂದು. ಹಳದಿ ಲೈಟು ಮಂಜನ್ನು ಸೀಳ್ತದೆ ಅಂತ ಕೆಲವರು ಹಳದಿ ಝೆನಾನ್ ಹಾಕಿಸ್ತಾರೆ. ಫ್ರಾನ್ಸಿನಲ್ಲಿ 1936ರ ಕಾನೂನಿನಿಂದ ಹಿಡಿದು 1993ರವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟೇ ಇತ್ತು. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಅದು ಹಳದಿ, ನೀಲಿ ಅಂತ ಭೇದ ಮಾಡುವುದಿಲ್ಲ, ಎಲ್ಲವನ್ನೂ ಚದುರಿಸ್ತದೆ. ಅದಕ್ಕೇ ಮಂಜು ಬೆಳ್ಳಗೆ ಕಾಣೋದು. ಹಳದಿ ಕಣ್ಣಿಗೆ ಸ್ವಲ್ಪ ಹಿತ, ನೀಲಿ ಜಾಸ್ತಿ ಚುಚ್ತದೆ, ಅಷ್ಟೇ ವ್ಯತ್ಯಾಸ. ತಪ್ಪು ದಿಕ್ಕಿಗೆ ಹೋಗುವ ಹಳದಿಯೂ ತಪ್ಪೇ.

(4/7)

ಈ ಕಂತಿಗೆ ಫೋಟೋ ಇಲ್ಲ. ಕಪ್ಪು ಸ್ಲೈಡ್ ಹಾಕಿದ್ದೇನೆ.

ಜುಲೈ. ಆಟಿ ಮಳೆ, ಸಂಜೆ ಏಳೂವರೆ. ಶಿರಸಿಯಿಂದ ಬರ್ತಾ ಇದ್ದೆ. ಹೆಗ್ಗರಣೆ ಪೇಟೆ ದಾಟಿ ಉಂಚಳ್ಳಿ ಕಡೆ ಹೋಗುವ ರಸ್ತೆ ಹೆಂಗಿದೆ ಅಂತ ಬಂದವರಿಗೆ ಗೊತ್ತು. ಒಂದು ಗಾಡಿ ಆರಾಮ, ಎರಡು ಗಾಡಿ ಬಂದ್ರೆ ಒಬ್ಬರು ಮಣ್ಣಿಗೆ ಇಳೀಬೇಕು. ಅಘನಾಶಿನಿ ಕಣಿವೆಯ ಮಂಜು ಏರಿ ರಸ್ತೆಗೆ ಬಂದಿತ್ತು. ನಾನು ಫಾಗ್‌ಲೈಟ್ ಹಾಕಿದ್ದೆ. ಸತ್ಯ ಹೇಳ್ತೇನೆ, ನನಗೂ ಏನೂ ಸರಿಯಾಗಿ ಕಾಣ್ತಿರಲಿಲ್ಲ, ಎದುರಿಗೆ ಹಾಲು ಚೆಲ್ಲಿದ ಹಾಗಿತ್ತು. ಆದರೂ ಆರಿಸಲಿಲ್ಲ. 3,200 ಕೊಟ್ಟಿದ್ದೇನೆ, ಮಂಜಿನಲ್ಲಿ ಹಾಕದೆ ಮತ್ತೆ ಯಾವಾಗ ಹಾಕೋದು?

ತಿರುವಿನಲ್ಲಿ ಒಂದು ಬೈಕ್ ಎದುರು ಬಂತು. ದಾಟಿ ಹೋದೆ. ಕನ್ನಡಿಯಲ್ಲಿ ನೋಡಲೂ ಇಲ್ಲ. ಹಾಡು ಹಾಕ್ಕೊಂಡಿದ್ದೆ.

ಮೂರನೇ ದಿನ ಅಂಗಡಿ ಕಟ್ಟೆಯಲ್ಲಿ ಕೇಳಿದೆ, ಊರಿನ ಮಾವ ಒಬ್ಬರು ಬಿದ್ದಿದ್ದಾರೆ ಅಂತ. ಸಂಬಂಧದಲ್ಲಿ ಮಾವ ಅಲ್ಲ, ನಾವು ಎಲ್ಲರೂ ಹಾಗೇ ಕರೆಯೋದು. ಡೈರಿಗೆ ಹಾಲು ಕೊಟ್ಟು ವಾಪಸ್ ಬರುವಾಗ ಬೈಕ್ ಸಮೇತ ಚರಂಡಿಗೆ. ಬಲಗೈ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್. ಅವರೇ ಕಟ್ಟೆ ಮೇಲೆ ಕೂತು ಹೇಳ್ತಾ ಇದ್ದರು: "ಒಂದ್ಸಲ ಬೆಳ್ಳಗೆ ಹೊಡತ್ತು. ಹೆಲ್ಮೆಟ್ಟಿನ ಗಾಜಿನ ಮೇಲೆ ಮಳೆ ಹನಿ, ಅದೆಲ್ಲ ನಕ್ಷತ್ರ ಆಗೋತು. ಯಂಗೆ ಎಂತದೂ ಕಂಡಿದ್ದಿಲ್ಲೆ. ಯಾವನೋ ಬೆಂಗಳೂರವ, ಜೋಗ ನೋಡ್ಲೆ ಬಂದವ."

ಸುತ್ತ ಇದ್ದವರೆಲ್ಲ ಬೆಂಗಳೂರಿನವರನ್ನು ಬೈದರು. ಉಂಚಳ್ಳಿಗೆ ಬರುವ ಟೂರಿಸ್ಟ್ ಗಾಡಿ, ಅವರ ಲೈಟು, ಅವರ ಸ್ಪೀಡು. ನಾನೂ ಹೂಂ ಅಂದೆ. ಹೌದು, ಬಾಯಿಬಿಟ್ಟು ಹೂಂ ಅಂದೆ. ಯಾವ ತಿರುವು, ಎಷ್ಟು ಗಂಟೆ ಅಂತ ಅವರು ಹೇಳುವಷ್ಟರಲ್ಲಿ ನನಗೆ ಗೊತ್ತಾಗಿತ್ತು.

ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನ ಲೈಟು ಬಿಚ್ಚಿದೆ. ಆರನೇ ದಿನ ಅವರ ಮನೆಗೆ ಹೋದೆ. ಅತ್ತೆ ಒಬ್ಬರೇ ಕೊಟ್ಟಿಗೆಯಲ್ಲಿ ಮೂರು ದನದ ಹಾಲು ಕರೀತಿದ್ದರು, ಅದು ಇಬ್ಬರ ಕೆಲಸ. ಮಾವ ಜಗಲಿಯಲ್ಲಿ ಎಡಗೈಯಲ್ಲಿ ಕವಳದ ಸಂಚಿ ಬಿಚ್ಚಲಿಕ್ಕೆ ಒದ್ದಾಡ್ತಿದ್ದರು. ನಾನೇ ಅಂತ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

"ಲೈಟು ಬಿಚ್ಚಿದ್ಯಾ?"

"ಬಿಚ್ಚಿದೆ ಮಾವ."

"ಹಂಗಾರೆ ಆತು. ಆಸ್ರಿಗೆ ಎಂತಾ ಕುಡಿತೆ?"

ಬೈದಿದ್ದರೆ ನನಗೆ ಸಲೀಸಾಗ್ತಿತ್ತು. ಆಮೇಲೆ ಒಂದೂವರೆ ತಿಂಗಳು ಅವರ ಹಾಲನ್ನು ಎರಡು ಹೊತ್ತೂ ನಾನೇ ಡೈರಿಗೆ ಕೊಟ್ಟೆ. ಅದನ್ನು ಇಲ್ಲಿ ಬರೆಯಬಾರದಿತ್ತೇನೋ, ನೀವು "ಗ್ರೇಟ್ ಬ್ರೋ" ಅಂತ ಹಾಕ್ತೀರಿ. ಹಾಕಬೇಡಿ.

(5/7)

ಈಗ ಲೆಕ್ಕ. ನಾವು ಕಾಮರ್ಸ್‌ನವರಲ್ವಾ.

ನನ್ನ ಪುಸ್ತಕದಲ್ಲಿ ಖರ್ಚು 3,200. ಅದರ ಎದುರು ಲಾಭ: ಎರಡು ರೀಲು, ಒಂದಿಷ್ಟು ಲೈಕು. ಮಾವನ ಪುಸ್ತಕದಲ್ಲಿ ಎಕ್ಸ್‌ರೇ, ಪ್ಲಾಸ್ಟರ್, ಬೈಕಿನ ಹ್ಯಾಂಡಲ್, ಲೆಗ್‌ಗಾರ್ಡ್, ತೋಟದ ಕೆಲಸಕ್ಕೆ ಕೊಟ್ಟ ಕೂಲಿ, ಅತ್ತೆಯ ಸೊಂಟನೋವು. ಆ ಖರ್ಚಿನ ಒಂದು ಪೈಸೆಯೂ ನನ್ನ ಪುಸ್ತಕಕ್ಕೆ ಬರಲೇ ಇಲ್ಲ. ಎಕನಾಮಿಕ್ಸ್‌ನಲ್ಲಿ ಎಕ್ಸ್‌ಟರ್ನಾಲಿಟಿ ಅಂತ ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ್ವಲ್ಲ, ಕಾರ್ಖಾನೆಯ ಹೊಗೆ ಉದಾಹರಣೆ ಕೊಟ್ಟು? ಹೆಗ್ಗರಣೆಯಲ್ಲಿ ಕಾರ್ಖಾನೆ ಇಲ್ಲ. ನಾನಿದ್ದೆ.

ಅದಕ್ಕೇ "ನನ್ನ ಕಾರು, ನನ್ನ ದುಡ್ಡು" ಅನ್ನೋ ವಾದವನ್ನು ನಾನು ಒಪ್ಪುವುದಿಲ್ಲ. ಸೀಟ್ ಕವರ್ ಹಾಕಿಸು, ಮ್ಯೂಸಿಕ್ ಸಿಸ್ಟಮ್ ಹಾಕಿಸು, ಡ್ಯಾಶ್‌ಬೋರ್ಡಿಗೆ ಗಣಪತಿ ಕೂರಿಸು, ಯಾರೂ ಕೇಳುವುದಿಲ್ಲ. ಬೆಳಕು ಕಾರಿನ ಒಳಗೆ ಇರುವ ಸಾಮಾನಲ್ಲ. ಅದು ಇರೋದೇ ಬೇರೆಯವರ ಕಣ್ಣಿನಲ್ಲಿ. ಅದರಲ್ಲೂ ವಯಸ್ಸಾದವರ ಕಣ್ಣು ಒಮ್ಮೆ ಕುಕ್ಕಿದರೆ ಸರಿ ಆಗಲಿಕ್ಕೆ ನಮಗಿಂತ ಜಾಸ್ತಿ ಹೊತ್ತು ಬೇಕು, ಪೊರೆ ಬಂದಿದ್ದರೆ ಇನ್ನೂ ಕಷ್ಟ. ನಮ್ಮ ಊರುಗಳಲ್ಲಿ ರಾತ್ರಿ ರಸ್ತೆ ಮೇಲೆ ಇರೋದು ಯಾರು ಹೇಳಿ? ಹುಡುಗರೆಲ್ಲ ಬೆಂಗಳೂರು. ಇರೋದು ಅವರೇ.

"ಎದುರಿನವ ಹಾಕ್ತಾನೆ, ನಾನು ಹಾಕದಿದ್ರೆ ನಾನೇ ಕುರುಡ" ಅನ್ನೋರಿಗೆ: ಇದರಲ್ಲಿ ಅರ್ಧ ಸತ್ಯ ಇದೆ. ದೇವಿಮನೆ ಘಟ್ಟದಲ್ಲಿ ಎದುರು ಬರುವ ಕೆಲವು ಗಾಡಿಗಳಿಗೆ ನನಗೂ ಕಲ್ಲು ಹೊಡೆಯಬೇಕು ಅನ್ನಿಸಿದೆ. ಆದರೆ ಅವನು ಕುಕ್ಕಿದ ಅಂತ ನೀನು ಕುಕ್ಕಿದರೆ ತಿರುವಿನಲ್ಲಿ ಇಬ್ಬರು ಕುರುಡರು ಆಗ್ತಾರೆ, ಒಬ್ಬನ ಬದಲು.

(6/7)

ಕಾನೂನು. ಬೇಗ ಮುಗಿಸ್ತೇನೆ, ಯಾಕಂದ್ರೆ ನಮ್ಮ ರಸ್ತೆಗೆ ಕಾನೂನು ಬರೋದು ಅಪರೂಪ.

ಕೇಂದ್ರ ಮೋಟಾರು ವಾಹನ ನಿಯಮ 106 ಏನು ಹೇಳ್ತದೆ ಅಂದ್ರೆ, ಲ್ಯಾಂಪಿನಿಂದ 8 ಮೀಟರ್ ದೂರ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿದ್ದರೆ ಆ ಕಣ್ಣು ಕುಕ್ಕಬಾರದು, ಬೆಳಕು ಅಷ್ಟು ಕೆಳಗೆ ಬಾಗಿರಬೇಕು. ಒಂದೂವರೆ ಮೀಟರ್ ಅಂದ್ರೆ ಹೆಚ್ಚುಕಡಿಮೆ ಬೈಕ್ ಮೇಲೆ ಕೂತವನ ಕಣ್ಣು. ನಿಮ್ಮ ತಂಗಿಯನ್ನು ಎಂಟು ಮೀಟರ್ ದೂರ ಸ್ಟೂಲ್ ಮೇಲೆ ಕೂರಿಸಿ ನೋಡಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂದಿದೆ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರೂ ಕಣ್ಣು ಕುಕ್ಕುವ ಲೈಟಿನವರ ಮೇಲೆ ಕಲಂ 177ರ ಕೆಳಗೆ ಕೇಸು ಹಾಕಲಿಕ್ಕೆ ಶುರು ಮಾಡಿದರು. ಒಳ್ಳೇದೇ. ಆದರೆ ಆ ಕಲಮಿನ ದಂಡ ಮೊದಲ ಸಲ 500 ರೂಪಾಯಿವರೆಗೆ. ಕಿಟ್ಟಿಗೆ 2,800 ಕೊಟ್ಟವನಿಗೆ 500 ಯಾವ ಲೆಕ್ಕ? ಪಾರ್ಕಿಂಗ್ ಫೀ ಕೊಟ್ಟ ಹಾಗೆ ಕೊಟ್ಟು ಹೋಗ್ತಾನೆ. ಅಂಗಡಿ ಕೌಂಟರಿನ ಮೇಲೆ ಅದೇ ಪೆಟ್ಟಿಗೆ ರಾಜಾರೋಷವಾಗಿ ಕೂತಿರ್ತದೆ.

ವಯರಿಂಗ್ ಬಗ್ಗೆ ಮಾತ್ರ ಒಂದು ಮಾತು. ಝೆನಾನ್ ಕಿಡಿ ಹತ್ತಬೇಕಾದರೆ ಬ್ಯಾಲಾಸ್ಟ್ ಅನ್ನೋ ಡಬ್ಬಿ ಒಂದು ಕ್ಷಣಕ್ಕೆ 20,000 ವೋಲ್ಟಿಗಿಂತ ಜಾಸ್ತಿ ಕೊಡ್ತದೆ. ಆ ಡಬ್ಬಿಯನ್ನು ನನ್ನ ಕಾರಿನಲ್ಲಿ ಬಂಪರ್ ಹಿಂದೆ ಪ್ಲಾಸ್ಟಿಕ್ ಟ್ಯಾಗಿನಲ್ಲಿ ಕಟ್ಟಿದ್ದರು, ನಮ್ಮ ಮಳೆಗಾಲದಲ್ಲಿ! ಬಿಚ್ಚಿದಾಗ ಒಂದರೊಳಗೆ ನೀರಿತ್ತು. ಫ್ಯೂಸ್ ಇರಲೇ ಇಲ್ಲ. ಹಾರ್ನಿನ ವಯರಿಗೆ ಜಾಯಿಂಟ್ ಕೊಟ್ಟು ಟೇಪ್ ಸುತ್ತಿದ್ದರು, ಟೇಪ್ ಕರಗಿ ಅಂಟಿತ್ತು. (ಫೋಟೋ 2, 3 ನೋಡಿ.) ಮಂಜಿಗೆ ಹೆದರಿ ಹಾಕಿಸಿದ್ದು, ಬೆಂಕಿ ಹತ್ತಿರ ಬಂದಿತ್ತು. ಇನ್ಶೂರೆನ್ಸಿನವರಿಗೆ ಹೇಳಿದ್ದೆನಾ? ಇಲ್ಲ. ಹೊರಗಿಂದ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನನ್ನು ಪಾಲಿಸಿಯಲ್ಲಿ ತೋರಿಸಿ ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕು. ನಿಮ್ಮಲ್ಲಿ ಯಾರು ಕಟ್ಟಿದ್ದೀರಿ, ಕೈ ಎತ್ತಿ.

(7/7)

"ಹಳೇ ಕಾರಿನ ಲೈಟು ಮೋಂಬತ್ತಿ ಇದ್ದ ಹಾಗಿದೆ, ಮತ್ತೆಂತ ಮಾಡೋದು?" ಇದು ನ್ಯಾಯವಾದ ಪ್ರಶ್ನೆ. ನನ್ನದೂ ಹಾಗೇ ಇತ್ತು. ಆದರೆ ಅದು ಮೋಂಬತ್ತಿ ಆದದ್ದು ಬಲ್ಬಿನ ತಪ್ಪಲ್ಲ. ಇಪ್ಪತ್ತು ವರ್ಷದ ವಯರು, ಜಂಗು ಹಿಡಿದ ಅರ್ಥಿಂಗು, ಸವೆದ ಸ್ವಿಚ್ಚು, ಇದರ ನಡುವೆ ವೋಲ್ಟೇಜ್ ಸೋರಿ ಹೋಗ್ತದೆ. ಹ್ಯಾಲೊಜೆನ್ ಬಲ್ಬಿಗೆ ಹತ್ತು ಪರ್ಸೆಂಟ್ ವೋಲ್ಟೇಜ್ ಕಡಿಮೆ ಸಿಕ್ಕಿದರೆ ಬೆಳಕು ಹೆಚ್ಚುಕಡಿಮೆ ಮೂವತ್ತು ಪರ್ಸೆಂಟ್ ಬೀಳ್ತದೆ. ಬ್ಯಾಟರಿಯಿಂದ ನೇರ ದಪ್ಪ ವಯರು ಎಳೆದು, ಫ್ಯೂಸು, ರಿಲೇ ಹಾಕಿದರೆ ಆ ಬೆಳಕು ವಾಪಸ್ ಬರ್ತದೆ. ನನಗೆ ರಿಲೇ ಕಿಟ್ಟಿಗೆ 650 ಬಿತ್ತು. 60/55 ವ್ಯಾಟಿನ ಒಳ್ಳೇ ಕಂಪನಿಯ ಸಾದಾ ಬಲ್ಬ್ ಎರಡು. ಮಂಕಾದ ಹೆಡ್‌ಲೈಟಿಗೆ ಪಾಲಿಶ್. ಫಾಗ್‌ಲೈಟ್ ಬೇಕೇ ಬೇಕು ಅನ್ನೋರು ಹ್ಯಾಲೊಜೆನ್ನಿನದ್ದೇ, ಬಲ್ಬಿಗೆ ಅಂತಲೇ ಮಾಡಿದ ಲ್ಯಾಂಪಿನದ್ದು ಹಾಕಿಸಿ, ನೆಲಕ್ಕೆ ತಿರುಗಿಸಿ, ಮಂಜು ಇಲ್ಲದಾಗ ಆರಿಸಿ. ಬೆಳದಿಂಗಳಲ್ಲಿ ಫಾಗ್‌ಲೈಟ್ ಹಾಕ್ಕೊಂಡು ಶಿರಸಿ ಪೇಟೆ ಸುತ್ತುವವರ ಬಗ್ಗೆ ಇನ್ನೊಂದು ಏಳು ಕಂತು ಬರೀಬಹುದು.

ಎಲ್ಲಕ್ಕಿಂತ ಮುಖ್ಯ, ಲೈಟಿನ ಎತ್ತರ ಸರಿ ಮಾಡಿಸಿ. ದುಡ್ಡೇ ಬೇಡ. ಗೋಡೆಯಿಂದ ಹತ್ತು ಮೀಟರ್ ದೂರ ಸಪಾಟು ಜಾಗದಲ್ಲಿ ಕಾರು ನಿಲ್ಲಿಸಿ, ಲೋ ಬೀಮ್ ಹಾಕಿ. ಬೆಳಕಿನ ಮೇಲಿನ ಗೆರೆ ಲ್ಯಾಂಪಿನ ಎತ್ತರಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಬೀಳಬೇಕು. ಬಾನೆಟ್ ಎತ್ತಿದರೆ ಲ್ಯಾಂಪಿನ ಹಿಂದೆ ತಿರುಪು ಸಿಗ್ತದೆ. ನಮ್ಮನೆ ಅಡಿಕೆ ಗೋಡೌನಿನ ಗೋಡೆಗೆ ಸುಣ್ಣದಲ್ಲಿ ಗೆರೆ ಹಾಕಿಟ್ಟಿದ್ದೇನೆ, ಹತ್ತು ಮೀಟರಿಗೆ ಕಲ್ಲು ಇಟ್ಟಿದ್ದೇನೆ (ಕೊನೆಯ ಫೋಟೋ). ಇದುವರೆಗೆ ಆರು ಕಾರು, ಒಂದು ಓಮ್ನಿ, ಮಾವನ ಬೈಕು ಬಂದು ಹೋಗಿವೆ. ಭಾನುವಾರ ಮಧ್ಯಾಹ್ನದ ಮೇಲೆ ನಾನು ಮನೆಯಲ್ಲೇ ಇರ್ತೇನೆ, ಆದರೆ ಗೆರೆ ಕಾಣಬೇಕಾದರೆ ಕತ್ತಲಾಗಬೇಕು, ಆರೂಮುಕ್ಕಾಲಿಗೆ ಬನ್ನಿ. ಸ್ಕ್ರೂಡ್ರೈವರ್ ನನ್ನ ಹತ್ರ ಇದೆ. ಚಾ ಆಯಿ ಕೊಡ್ತಾಳೆ.

ಬಿಚ್ಚಿದ ಕಿಟ್ಟು ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿದೆ. ನೀರು ಹೋಗದ ಬ್ಯಾಲಾಸ್ಟ್ ಒಂದು ಇನ್ನೂ ಚೆನ್ನಾಗಿದೆ, ಬಲ್ಬ್ ಎರಡೂ ಹತ್ತತವೆ. ನಿನ್ನೆ ರಾತ್ರಿ ಒಬ್ಬ ಮೆಸೇಜ್ ಮಾಡಿದ್ದ, "ಸಾವಿರದೈನೂರಕ್ಕೆ ಕೊಡ್ತೀಯಾ" ಅಂತ. ಕೇಳಿದವ ನೀನೇ, ನಿನಗೆ ಗೊತ್ತು. ಕೊಡುವುದಿಲ್ಲ.

#ಹೆಗ್ಗರಣೆ #ಸಿದ್ದಾಪುರ #ಶಿರಸಿ #ಉಂಚಳ್ಳಿ #ಲೈಟುಕೆಳಗಿಡಿ